ಕ್ಯಾಟಲಿನಾ ಟ್ರಿಕೊಳ ತವರು ಪ್ಯಾರಿಸ್ ಅಲ್ಲ

ಮಾನ್ಯ ಸಂಪಾದಕರೇ,

ನ್ಯೂಯಾರ್ಕಿನ ಮೊದಲ ವಲಸಿಗರ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹದಲ್ಲಿ ‘ಪ್ಯಾರಿಸ್‌ನಲ್ಲಿ ಹುಟ್ಟಿದ ಕ್ಯಾಟಲಿನಾ ಟ್ರಿಕೊ’ ಎಂಬ ಸಾಲಿದೆ. ಡಚ್ಚರು ಅಲ್ಲಿ ನೆಲೆಯೂರಿದಾಗ ಗಂಡನೊಂದಿಗೆ ಹೋದ ಮೊದಲಿಗರಲ್ಲಿ ಒಬ್ಬಳು ಈಕೆ. ಆಕೆ ಪ್ಯಾರಿಸ್‌ನವಳಲ್ಲ. ಹೇನೋ ಸೀಮೆಯ ಪ್ರೀಶ್ ಎಂಬ ಹಳ್ಳಿಯವಳು. ಈಗ ಉತ್ತರ ಫ್ರಾನ್ಸಿನಲ್ಲಿರುವ ಆ ಹಳ್ಳಿ ಆಕೆ ಹುಟ್ಟಿದಾಗ ಸ್ಪೇನ್ ರಾಜಮನೆತನದ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್ ಭಾಗದಲ್ಲಿತ್ತು. ಫ್ರೆಂಚ್‌ನ ಒಂದು ಬಗೆಯನ್ನು ಆಡುವ ಆ ಕಡೆಯ ಜನರನ್ನೇ ವಲೂನರು ಎನ್ನುವುದು.

ಊರಿನ ಹೆಸರೊಂದು ತಪ್ಪಿದ್ದಕ್ಕೆ ಇಷ್ಟುದ್ದ ಕಾಗದ ಬೇಕೇ ಎಂದು ಕೇಳಬಹುದು. ಬೇಕು. ವಂಶ ಹುಡುಕುವವರು ಒಳಗೆ ಹೋಗುವ ಬಾಗಿಲೇ ಊರು. ಪ್ಯಾರಿಸ್ ಎಂದು ನಂಬಿ ಹೊರಟವರಿಗೆ ಅಲ್ಲಿ ಇನ್ನೊಂದು ಗುಂಡಿ ಕಾದಿದೆ. 1871ರ ದಂಗೆಯ ಬೆಂಕಿಯಲ್ಲಿ ಪ್ಯಾರಿಸ್ ನಗರದ ಹಳೆಯ ಜನನ, ಮದುವೆ, ಮರಣದ ದಾಖಲೆಗಳು ಸುಟ್ಟುಹೋದವು. ಹಾಗಾಗಿ ಹುಡುಕಿದವರು ‘ಹೆಸರು ಸಿಗಲಿಲ್ಲ, ದಾಖಲೆ ಸುಟ್ಟಿದೆ’ ಎಂದು ಬರೆದು ಕಡತ ಮುಚ್ಚುತ್ತಾರೆ. ದಾಖಲೆ ಇದ್ದಿದ್ದರೂ ಅಲ್ಲಿ ಆಕೆ ಸಿಗುತ್ತಿರಲಿಲ್ಲ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ತಮ್ಮ ಲೇಖಕರು ಇದನ್ನು ಕಲ್ಪಿಸಿ ಬರೆದದ್ದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಪ್ಯಾರಿಸ್ ಎಂದು ಬಂದಿರುವುದು ಸ್ವತಃ ಕ್ಯಾಟಲಿನಾ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ. ಹಾಗಿದ್ದ ಮೇಲೆ ಅದನ್ನು ಏಕೆ ಒಪ್ಪಬಾರದು ಎಂಬುದೇ ಇಲ್ಲಿ ಬಿಡಿಸಿ ಹೇಳಬೇಕಾದ ಸಂಗತಿ.

ಆಕೆಯ ವಯಸ್ಸು ಅಥವಾ ಊರನ್ನು ತಿಳಿಸುವ ನಾಲ್ಕು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು 1624ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬರೆದ ಮದುವೆಯ ದಾಖಲೆ. ವರ ಯೋರಿಸ್, ವಾಲೆನ್ಸಿಯೆನ್ ಊರಿನವನು, ಬೊರಾತ್ ನೇಕಾರ, ವಯಸ್ಸು 19. ವಧು ಕ್ಯಾಟರಿನಾ ಟ್ರಿಕೊ, ‘ವಾಲ್ಸ್‌ಲಾಂಟ್‌ನ ಪ್ರಿಸ್’ ಊರಿನವಳು, ವಯಸ್ಸು 18. ಬೊರಾತ್ ಎಂದರೆ ರೇಷ್ಮೆ, ಉಣ್ಣೆ ಬೆರೆಸಿ ನೇಯುವ ತೆಳು ಬಟ್ಟೆ. ಮೊಳಕಾಲ್ಮೂರಿನ ರೇಷ್ಮೆ ಮಗ್ಗವನ್ನೂ ಚಳ್ಳಕೆರೆ ಕಡೆಯ ಕಂಬಳಿ ಮಗ್ಗವನ್ನೂ ಕಂಡ ನಮ್ಮ ಜಿಲ್ಲೆಯವರಿಗೆ ಆ ಕಸುಬನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಎರಡನೆಯದು ಯಾಸ್ಪರ್ ಡಾಂಕರ್ಟ್ಸ್ ಎಂಬ ಪ್ರವಾಸಿಯ 1680ರ ದಿನಚರಿ. ದೋಣಿಯಲ್ಲಿ ಆಕೆಯ ಮನೆಗೆ ಹೋಗಿಬಂದ ಅವನು, ವಾಲೆನ್ಸಿಯೆನ್‌ನ ಮುದುಕಿ, ವಯಸ್ಸು 74, ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ 145 ಜನ, ಆದರೂ ಸ್ವಲ್ಪ ದೂರದಲ್ಲಿ ಒಬ್ಬಳೇ ಇದ್ದು ತನ್ನ ಪುಟ್ಟ ಕೈತೋಟ ನೋಡಿಕೊಂಡಿದ್ದಾಳೆ ಎಂದು ಬರೆದಿಟ್ಟ. ಮೂರನೆಯದು 1685ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಇಂಗ್ಲಿಷ್ ಗವರ್ನರ್ ಡಾಂಗನ್ ಎದುರು ಕೊಟ್ಟ ಹೇಳಿಕೆ. ಅದರಲ್ಲಿ ವಯಸ್ಸು ಸುಮಾರು 80. ನಾಲ್ಕನೆಯದು 1688ರ ಅಕ್ಟೋಬರ್ 17ರಂದು ನ್ಯಾಯಾಧಿಕಾರಿ ವಿಲಿಯಂ ಮೋರಿಸ್ ಆಕೆಯ ಮನೆಯಲ್ಲೇ ಪ್ರಮಾಣ ಮಾಡಿಸಿಕೊಂಡದ್ದು: ವಯಸ್ಸು ಸುಮಾರು 83, ಹುಟ್ಟಿದ್ದು ಪ್ಯಾರಿಸ್.

ಈಗ ವಯಸ್ಸುಗಳನ್ನು ಹಿಂದಕ್ಕೆ ಕಳೆಯಿರಿ. 1624ರಲ್ಲಿ 18 ಎಂದರೆ ಹುಟ್ಟಿದ್ದು 1605ರ ಆಸುಪಾಸು. 1680ರಲ್ಲಿ 74 ಎಂದರೂ ಅಷ್ಟೇ. 1685ರಲ್ಲಿ 80, 1688ರಲ್ಲಿ 83, ಎಲ್ಲವೂ ಅಲ್ಲಿಗೇ ಬಂದು ನಿಲ್ಲುತ್ತವೆ. 64 ವರ್ಷದ ಅಂತರದಲ್ಲಿ, ಬೇರೆ ಬೇರೆ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಕಾಣದ ಬರಹಗಾರರು ಬರೆದ ವಯಸ್ಸು ಹೀಗೆ ಕೂಡಿಬರುವುದು ಅಪರೂಪ. ಆಕೆ ತನ್ನ ವಯಸ್ಸನ್ನು ಚೆನ್ನಾಗಿ ಬಲ್ಲವಳಾಗಿದ್ದಳು. ಊರು ಮಾತ್ರ ಮೂರು ಕಡೆ ಮೂರಾಗಿದೆ. ಅಂದರೆ ತಪ್ಪು ಆಕೆಯ ನೆನಪಿನದಲ್ಲ, ಕೇಳಿ ಬರೆದುಕೊಂಡವರ ಕಿವಿಯದು.

ವಾಲೆನ್ಸಿಯೆನ್ ಹೇಗೆ ಬಂತೆಂದು ಊಹಿಸುವುದು ಸುಲಭ. ಅದು ಗಂಡನ ಊರು. ನಮ್ಮಲ್ಲೂ ಮದುವೆಯಾಗಿ ನಲವತ್ತು ವರ್ಷ ಕಳೆದ ಹೆಂಗಸನ್ನು ಹಿರಿಯೂರಿನವರು ಎಂದರೆ ಅದು ಕೊಟ್ಟ ಮನೆಯ ಊರೇ ಹೊರತು ತವರಲ್ಲ. ಪ್ಯಾರಿಸ್‌ನ ವಿಷಯಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವನ್ನು ನೆನೆಯಿರಿ. ಅಲ್ಲಿಯ ಅಜ್ಜಿಯೊಬ್ಬರು ದೆಹಲಿಯ ಕಚೇರಿಯಲ್ಲಿ ‘ರಾಂಪುರ’ ಎಂದರೆ ಗುಮಾಸ್ತ ಉತ್ತರ ಪ್ರದೇಶದ ರಾಂಪುರವನ್ನೇ ಬರೆದುಕೊಳ್ಳುತ್ತಾನೆ. ಅಜ್ಜಿ ಸುಳ್ಳಾಡಿಲ್ಲ, ಗುಮಾಸ್ತನೂ ಮೋಸ ಮಾಡಿಲ್ಲ. ಅವನಿಗೆ ಗೊತ್ತಿದ್ದದ್ದು ಆ ಒಂದೇ ರಾಂಪುರ. ಇಂಗ್ಲಿಷ್ ಬಲ್ಲ ಬರಹಗಾರನ ಕಿವಿಗೆ ಬಿದ್ದ ‘ಪ್ರಿಸ್’ ಹಾಗೆಯೇ ಪ್ಯಾರಿಸ್ ಆಗಿದೆ.

ಇನ್ನು ಯಾವ ಕಾಗದಕ್ಕೆ ತೂಕ ಹೆಚ್ಚು? ಪ್ರಮಾಣ ಮಾಡಿದ್ದಕ್ಕೇ ಹೆಚ್ಚು ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಆದರೆ ಆ ಪ್ರಮಾಣ ಯಾವ ಪ್ರಶ್ನೆಗೆ ಎಂಬುದನ್ನು ನೋಡಬೇಕು. 1685 ಮತ್ತು 1688ರಲ್ಲಿ ಇಂಗ್ಲಿಷ್ ಆಡಳಿತಕ್ಕೆ ಬೇಕಿದ್ದದ್ದು ಡಚ್ಚರು ಯಾವಾಗ ಬಂದರು, ಡೆಲವೇರ್ ನದಿಗೆ, ಹಾರ್ಟ್‌ಫರ್ಡ್ ನದಿಗೆ (ಈಗಿನ ಕನೆಕ್ಟಿಕಟ್ ನದಿ) ಯಾರನ್ನು ಕಳಿಸಿದರು ಎಂಬ ವಿವರ. ಅದನ್ನು ಆಕೆ ಎಣಿಸಿ ಹೇಳಿದ್ದಾಳೆ: ಹಾರ್ಟ್‌ಫರ್ಡ್ ಕಡೆಗೆ ಎರಡು ಸಂಸಾರ, ಆರು ಗಂಡಸರು, ಡೆಲವೇರ್‌ಗೆ ಎರಡು ಸಂಸಾರ, ಎಂಟು ಗಂಡಸರು, ಮ್ಯಾನ್‌ಹಟನ್‌ನಲ್ಲಿ ಎಂಟು ಮಂದಿ, ಉಳಿದವರು ಹಡಗಿನಲ್ಲೇ ಮೇಲಕ್ಕೆ, ಈಗಿನ ಆಲ್ಬನಿಗೆ. ಹುಟ್ಟಿದ ಊರು ತಲೆಬರಹದಲ್ಲಿ ಬರುವ ಒಂದು ಪದ, ಅಷ್ಟೇ. ಆಮ್‌ಸ್ಟರ್‌ಡ್ಯಾಮ್‌ನ ಮದುವೆ ದಾಖಲೆಯಲ್ಲಾದರೆ ಕೇಳುವ ಪ್ರಶ್ನೆಯೇ ‘ಯಾವ ಊರು, ಎಷ್ಟು ವಯಸ್ಸು, ಏನು ಕಸುಬು’. ಉತ್ತರ ಕೊಟ್ಟವಳು ಊರು ಬಿಟ್ಟು ಬಂದು ಬಹಳ ಕಾಲವಾಗದ ಹದಿನೆಂಟರ ಹುಡುಗಿ. ಸಾಲದ್ದಕ್ಕೆ ‘ವಾಲ್ಸ್‌ಲಾಂಟ್’, ಅಂದರೆ ವಲೂನರ ನಾಡು, ಎಂಬ ಗುರುತೂ ಪಕ್ಕದಲ್ಲಿದೆ. ಪ್ಯಾರಿಸ್ ಯಾವ ಕಾಲಕ್ಕೂ ವಲೂನರ ನಾಡಿನಲ್ಲಿರಲಿಲ್ಲ. ನನ್ನ ಮಟ್ಟಿಗೆ ವಾದ ಇಲ್ಲಿಗೇ ಮುಗಿಯುತ್ತದೆ.

ಆದರೂ ಪ್ಯಾರಿಸ್ ಏಕೆ ಅಳಿಯಲಿಲ್ಲ ಎಂದರೆ, ಇಂಗ್ಲಿಷಿನ ಆ ಹೇಳಿಕೆಗಳು 19ನೇ ಶತಮಾನದಲ್ಲೇ ನ್ಯೂಯಾರ್ಕಿನಲ್ಲಿ ಅಚ್ಚಾಗಿ ಎಲ್ಲರ ಕೈಸೇರಿದವು. ಮದುವೆಯ ದಾಖಲೆ ಡಚ್ ಕೈಬರಹದಲ್ಲಿ ಕಡಲಾಚೆ ಉಳಿಯಿತು. ಮೊದಲು ಅಚ್ಚಾದದ್ದೇ ಒಂದರಿಂದೊಂದು ವಂಶಾವಳಿಗೆ ನಕಲಾಗುತ್ತ ಬಂತು. ಗಂಡನ ಕಡೆಯದೂ ಇದೇ ಕತೆ. ಬೊರಾತ್ ನೇಕಾರನಿಗೆ ಗಾಸ್ಪಾರ್ ಕೋಲೆ ಎಂಬ ಫ್ರೆಂಚ್ ಕುಲೀನನ ವಂಶವನ್ನು ಅಂಟಿಸಿದ ಹಳೆಯ ಪುಸ್ತಕಗಳಿವೆ. ಅದಕ್ಕೆ ಆಧಾರವಿಲ್ಲ. ನೇಕಾರನಾಗಿದ್ದದ್ದರಲ್ಲಿ ಕೊರತೆಯೇನಿದೆ ಎಂದು ಅದನ್ನು ಓದಿದಾಗಲೆಲ್ಲ ನೋವಾಗುತ್ತದೆ.

ವರ್ಷದ ಬಗ್ಗೆಯೂ ತಮ್ಮ ಬರಹದಲ್ಲಿ ತೊಡಕಿದೆ. ಅಲ್ಲಿ ಆಕೆ 1623ರಲ್ಲಿ ಬಂದಳು ಎಂದಿದೆ. ಮದುವೆ ನಡೆದದ್ದು 1624ರ ಜನವರಿ 21ರಂದು, ಆಮ್‌ಸ್ಟರ್‌ಡ್ಯಾಮ್‌ನ ವಲೂನ್ ಚರ್ಚಿನಲ್ಲಿ. ಅದಾದ ಮೇಲೆಯೇ ಹಡಗು ಹತ್ತಿದ್ದು. 1688ರ ಹೇಳಿಕೆಯಲ್ಲಿ 1623 ಎಂದಿರುವುದು ನಿಜ, ಆದರೆ 1685ರದ್ದರಲ್ಲಿ ‘23 ಇಲ್ಲವೇ 24’ ಎಂದು ಆಕೆಯೇ ಹೇಳಿದ್ದಾಳೆ. ಇಲ್ಲಿ ಪಂಚಾಂಗದ ಲೆಕ್ಕವನ್ನೂ ನೋಡಬೇಕು. ಹಾಲೆಂಡ್ ಹೊಸ ಪಂಚಾಂಗಕ್ಕೆ ಆಗಲೇ ಬಂದಿತ್ತು. ಇಂಗ್ಲಿಷರು ಹಳೆಯದರಲ್ಲೇ ಇದ್ದರು, ಹತ್ತು ದಿನ ಹಿಂದೆ. ಅವರ ಸರ್ಕಾರಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆಮ್‌ಸ್ಟರ್‌ಡ್ಯಾಮ್‌ನ 1624ರ ಜನವರಿ 21 ಇಂಗ್ಲಿಷ್ ಲೆಕ್ಕದಲ್ಲಿ 1623ರ ಜನವರಿ 11. ನಮ್ಮಲ್ಲಿ ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಜನವರಿಯಲ್ಲಿ ನಡೆದದ್ದನ್ನು ಬರೆಯುವಾಗ ಯಾವ ಸಂವತ್ಸರ ಎಂದು ನಾವೂ ಎಚ್ಚರ ವಹಿಸುತ್ತೇವೆ. ನ್ಯೂಯಾರ್ಕ್ ಡಚ್ಚರಿಂದ ಇಂಗ್ಲಿಷರ ಕೈಗೆ ಹೋದ 1664ಕ್ಕೆ ಮುಂಚಿನ ಅಲ್ಲಿಯ ಕಾಗದವಾದರೆ ಡಚ್ ಲೆಕ್ಕ, ನಂತರದ್ದಾದರೆ 1752ರವರೆಗೆ ಇಂಗ್ಲಿಷ್ ಲೆಕ್ಕ. ಜನವರಿ, ಫೆಬ್ರುವರಿ, ಮಾರ್ಚ್ ತಿಂಗಳ ತಾರೀಖುಗಳನ್ನು ಇದ್ದಂತೆಯೇ ನಕಲು ಮಾಡಿಕೊಂಡು, ತಿದ್ದಿದ ವರ್ಷವನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು. ಮೂಲದ ಮೇಲೆಯೇ ತಿದ್ದಬಾರದು. ಮುಂದಿನವರು ಮತ್ತೊಮ್ಮೆ ತಿದ್ದಿಬಿಡುತ್ತಾರೆ.

ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮನೆಗಳ ಮೊಮ್ಮಕ್ಕಳು ಈಗ ಅಮೆರಿಕದ ಶಾಲೆಗಳಲ್ಲಿ ವಂಶವೃಕ್ಷ ಬರೆಯುತ್ತಿದ್ದಾರೆ. ಅವರಲ್ಲಿ ಕೆಲವರ ತಾಯಿಯ ಇಲ್ಲವೇ ತಂದೆಯ ಕಡೆ ಹಳೆಯ ನ್ಯೂಯಾರ್ಕ್ ಮನೆತನವಿದ್ದರೆ ಈ ಕಾಲದ ಹೆಂಗಸರ ಹೆಸರು ಎದುರಾಗುತ್ತದೆ. ಅಂಥವರಿಗೆ ದಾರಿ ಹೀಗಿದೆ. ಹುಡುಕುವುದನ್ನು ಯುರೋಪಿನಿಂದ ಶುರುಮಾಡಬೇಡಿ. ಅಮೆರಿಕದ ತುದಿಯಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ನ್ಯೂ ಆಮ್‌ಸ್ಟರ್‌ಡ್ಯಾಮ್‌ನ (ಡಚ್ಚರ ಕಾಲದ ನ್ಯೂಯಾರ್ಕಿನ) ಡಚ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಉಳಿದಿರುವುದು 1639ರಿಂದ. ಕ್ಯಾಟಲಿನಾಳ ಹನ್ನೊಂದು ಮಕ್ಕಳಲ್ಲಿ ಮೊದಲಿನವರು ಅದಕ್ಕೂ ಮುಂಚೆ ಹುಟ್ಟಿದವರು. ಹಿರಿಮಗಳು ಸಾರಾ ಹುಟ್ಟಿದ್ದು 1625ರ ಜೂನ್ 9ಕ್ಕೆ. ಆ ಪುಸ್ತಕದಲ್ಲೂ ಆರಂಭದ ವರ್ಷಗಳಲ್ಲಿ ತಾಯಿಯ ಹೆಸರನ್ನು ಬಹುಪಾಲು ಬರೆದಿಲ್ಲ, ತಂದೆಯ ಹೆಸರು ಮಾತ್ರ. ಅಲ್ಲಿ ಕೈಹಿಡಿಯುವುದು ಸಾಕ್ಷಿಗಳ ಸಾಲು. ಮಗುವಿಗೆ ಸಾಕ್ಷಿಯಾಗಿ ನಿಲ್ಲುತ್ತಿದ್ದವರು ಸಾಮಾನ್ಯವಾಗಿ ಅಜ್ಜಿ, ಚಿಕ್ಕಮ್ಮ, ಸೋದರಮಾವ. ಒಂದು ಮಗುವಿನದ್ದಲ್ಲ, ಎಲ್ಲ ಮಕ್ಕಳ ಸಾಕ್ಷಿಗಳನ್ನೂ ಒಂದೇ ಹಾಳೆಯಲ್ಲಿ ಬರೆದರೆ ತವರಿನ ಕಡೆಯವರು ತಾವಾಗಿ ಕಾಣತೊಡಗುತ್ತಾರೆ.

ಅನುಕೂಲವಾದ ಒಂದು ಸಂಗತಿಯೂ ಇದೆ. ಡಚ್ ಪದ್ಧತಿಯಲ್ಲಿ ಮದುವೆಯಾದ ಹೆಂಗಸು ಹುಟ್ಟುಹೆಸರನ್ನೇ ಉಳಿಸಿಕೊಳ್ಳುತ್ತಿದ್ದಳು. ಅದಕ್ಕೇ 83ರ ಮುಪ್ಪಿನಲ್ಲೂ ಆಕೆ ಟ್ರಿಕೊ. ನಮ್ಮಲ್ಲಿ ಪೌತಿ ಖಾತೆಗೆಂದು ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಸೊಸೆಯ ಹೆಸರಿರುತ್ತದೆ, ಅವಳ ತವರಿರುವುದಿಲ್ಲ. ಅಲ್ಲಿ ಆ ತವರು ಹೆಸರಿನಲ್ಲೇ ಉಳಿದುಕೊಂಡಿದೆ. ಆದರೆ ಕಾಗುಣಿತ ನಿಲ್ಲುವುದಿಲ್ಲ: ಟ್ರಿಕೊ, ಟ್ರಿಕೋಟ್; ಕ್ಯಾಟಲಿನಾ, ಕ್ಯಾಟಲಿಂಟ್ಯೆ, ಕ್ಯಾಟಲಿನ್, ಕ್ಯಾಟರಿನಾ. ಗಂಡನ ಹೆಸರಿನ ಯಾನ್ಸೆನ್ ಮನೆತನದ ಹೆಸರಲ್ಲ, ‘ಯಾನ್ ಎಂಬವನ ಮಗ’ ಎಂದಷ್ಟೇ ಅರ್ಥ. ಮಕ್ಕಳು ಅದೇ ರೀತಿ ಯೋರಿಸನ ಮಕ್ಕಳೆಂದು ದಾಖಲಾಗಿರುತ್ತಾರೆ. ಸೂಚಿಯಲ್ಲಿ ಯೋರಿಸನ ಮನೆತನದ ಹೆಸರಾದ ರಾಪೆಲ್ಯೆ ಒಂದನ್ನೇ ಹುಡುಕಿ ಕೈಬಿಡುವವರೇ ಹೆಚ್ಚು.

ಆಮೇಲೆ ಆಮ್‌ಸ್ಟರ್‌ಡ್ಯಾಮ್. ಅಲ್ಲಿಯ ನಗರ ದಾಖಲಾಗಾರದ ವಿವಾಹ ನೋಂದಣಿಗಳು 16ನೇ ಶತಮಾನದ ಕೊನೆಯಿಂದ ಇವೆ. ಪುಟಗಳ ಚಿತ್ರಗಳನ್ನು ಮನೆಯಲ್ಲೇ ಕೂತು ನೋಡಬಹುದು. ಸೂಚಿಯನ್ನು ನಂಬಿ ನಿಲ್ಲದೆ ಚಿತ್ರವನ್ನೇ ತೆರೆದು ಓದಿ. ಕ್ಯಾಟಲಿನಾಳ ಊರನ್ನೇ ‘ಪ್ರೀ’ ಎಂದು ಓದಿ, ಬೆಲ್ಜಿಯಂನ ನಾಮೂರ್ ಪ್ರಾಂತ್ಯದಲ್ಲಿ ಆ ಹೆಸರಿನ ಊರಿಗೆ ಹೋದವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ವಲೂನ್ ಚರ್ಚುಗಳ ಪುಸ್ತಕಗಳಿಂದ ಹೆಸರುಗಳನ್ನು ತೆಗೆದು ಮಾಡಿದ ಲಕ್ಷಗಟ್ಟಲೆ ಚೀಟಿಗಳ ಸಂಗ್ರಹವೂ ಒಂದಿದೆ. ಫ್ರೆಂಚ್ ಕಾಗುಣಿತದಲ್ಲಿ ಹುಡುಕಿದರೆ ಅದು ಬೇಗ ಕೆಲಸಕ್ಕೆ ಬರುತ್ತದೆ. ಕೊನೆಗೆ ಊರು. ವಲೂನ್ ಎಂದಾಕ್ಷಣ ಬೆಲ್ಜಿಯಂಗೆ ಹೋಗಬೇಡಿ. ಪ್ರೀಶ್, ವಾಲೆನ್ಸಿಯೆನ್, ಅವೆನ್ ಎಲ್ಲವೂ 17ನೇ ಶತಮಾನದಲ್ಲೇ ಫ್ರಾನ್ಸಿನ ಪಾಲಾದವು. ಅವುಗಳ ಕಾಗದ ಹುಡುಕಬೇಕಾದದ್ದು ಮುಖ್ಯವಾಗಿ ಲೀಲ್ ನಗರದಲ್ಲಿ. ಗಡಿಯ ಆಚೆ, ಬೆಲ್ಜಿಯಂನ ಮೋನ್ಸ್‌ನಲ್ಲಿದ್ದ ಹೇನೋ ಸೀಮೆಯ ಬಹಳಷ್ಟು ಕಡತ 1940ರ ಮೇ ತಿಂಗಳ ಬಾಂಬಿಗೆ ಸುಟ್ಟುಹೋಯಿತು.

ಡಿಎನ್‌ಎ ಪರೀಕ್ಷೆಯಿಂದ ಎಲ್ಲ ತಿಳಿದುಬಿಡುತ್ತದೆ ಎಂಬ ತಮ್ಮ ಬರಹದ ಮಾತಿಗೂ ಒಂದು ತಿದ್ದುಪಡಿ. ನಾನೂರು ವರ್ಷವೆಂದರೆ ಹನ್ನೆರಡು, ಹದಿಮೂರು ತಲೆಮಾರು. ಹತ್ತನೆಯ ತಲೆಮಾರಿಗೇ ಒಬ್ಬ ಪೂರ್ವಜರಿಂದ ಬರುವ ಪಾಲು ಸರಾಸರಿ 1,024ರಲ್ಲಿ ಒಂದು. ಎಷ್ಟೋ ಪೂರ್ವಜರಿಂದ ಏನೂ ಬಂದಿರುವುದಿಲ್ಲ. ತಾಯಿಯಿಂದ ಮಾತ್ರ ಇಳಿದು ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಹಾಗೆ ಕರಗುವುದಿಲ್ಲ. ಆದರೆ ಅದಕ್ಕೆ ಮಗಳು, ಮಗಳ ಮಗಳು, ಅವಳ ಮಗಳು ಎಂದು ಎಲ್ಲೂ ಕಡಿಯದ ಎಳೆ ಬೇಕು. ನಡುವೆ ಒಬ್ಬ ಗಂಡುಮಗ ಬಂದರೆ ಅವನಲ್ಲಿಗೆ ನಿಂತಿತು. ಎಳೆ ಇದ್ದು ಇಬ್ಬರ ಫಲಿತಾಂಶ ಹೊಂದಿದರೂ ಅದು ‘ಇರಬಹುದು’ ಎನ್ನುತ್ತದೆಯೇ ಹೊರತು ಊರಿನ ಹೆಸರು ಹೇಳುವುದಿಲ್ಲ. ಹೊಂದದಿದ್ದರೆ ಮಾತ್ರ ಖಚಿತವಾಗಿ ಅಲ್ಲಗಳೆಯುತ್ತದೆ. ಊರಿಗೆ ಕಾಗದವೇ ಬೇಕು.

ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯನ್ನು ಹೀಗೆ ಪ್ರಕಟಿಸಿ: ಕ್ಯಾಟಲಿನಾ ಟ್ರಿಕೊ, ಹೇನೋ ಸೀಮೆಯ ಪ್ರೀಶ್‌ನವಳು, ಹುಟ್ಟಿದ್ದು 1605ರ ಸುಮಾರಿಗೆ, ಅಮೆರಿಕಕ್ಕೆ ಬಂದದ್ದು 1624ರಲ್ಲಿ, ತೀರಿಕೊಂಡದ್ದು 1689ರಲ್ಲಿ. 1688ರ ಹೇಳಿಕೆಯಲ್ಲಿ ಪ್ಯಾರಿಸ್ ಎಂದಿದೆ ಎಂಬುದನ್ನೂ ಅದರ ಕೆಳಗೆ ಸೇರಿಸಿ. ಇಲ್ಲದಿದ್ದರೆ ಅದನ್ನು ಓದಿದ ಮತ್ತೊಬ್ಬರು ತಾವು ತಪ್ಪು ಹಿಡಿದೆವೆಂದು ತಮಗೆ ಕಾಗದ ಬರೆಯುತ್ತಾರೆ.

ಇಂತಿ,
ಇತಿಹಾಸದ ಓದುಗರೊಬ್ಬರು
ಚಿತ್ರದುರ್ಗ