ಬಾರ್ಕೂರಿನ ನಮ್ಮ ವಸ್ತುಸಂಗ್ರಹಾಲಯಕ್ಕೆ ಇನ್ನೆರಡು ಕೋಣೆ: ಊರ ಹತ್ತು ಸಮಸ್ತರಲ್ಲಿ ಮನವಿ

ಊರ ಹತ್ತು ಸಮಸ್ತರಿಗೆ, ಪರವೂರಿನಲ್ಲಿ ನೆಲೆಸಿರುವ ನಮ್ಮವರಿಗೆ ವಸ್ತುಸಂಗ್ರಹಾಲಯ ಸಮಿತಿಯ ನಮಸ್ಕಾರಗಳು.

ಬಾರ್ಕೂರು ಕರಾವಳಿಯನ್ನಾಳಿದ ಆಳುಪ ಅರಸರ ರಾಜಧಾನಿಯಾಗಿದ್ದ ಊರು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಹೆಸರಿನಲ್ಲಿ ಕರಾವಳಿಯ ದೊಡ್ಡದೊಂದು ಭಾಗದ ಆಡಳಿತ ಇಲ್ಲಿಂದಲೇ ನಡೆಯಿತು. ಶಾಸನಗಳಲ್ಲಿ ಬಾರಕೂರ ಗದ್ಯಾಣವೆಂಬ ನಾಣ್ಯದ ಮಾತು ಬರುತ್ತದೆ. 14ನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಫಾಕನೂರು ಎಂದು ಕರೆದ ಬಂದರು ನಮ್ಮ ಊರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕತ್ತಲೆ ಬಸದಿಯನ್ನೂ ಕೋಟೆಯ ಅವಶೇಷಗಳನ್ನೂ ನೋಡಲು ದೂರದಿಂದ ಜನ ಬರುತ್ತಾರೆ. ಅರಸರ ಈ ಚರಿತ್ರೆ ಪುಸ್ತಕಗಳಲ್ಲಿ ಭದ್ರವಾಗಿದೆ. ನಮ್ಮ ಚಿಂತೆಯಿರುವುದು ಮನೆಮನೆಯ ಅಟ್ಟದಲ್ಲಿ ಉಳಿದಿರುವ ಚರಿತ್ರೆಯ ಬಗ್ಗೆ.

ಒಂದು ಕಳಸೆಯನ್ನೇ ತೆಗೆದುಕೊಳ್ಳಿ. ಹದಿನಾಲ್ಕು ಸೇರು ಹಿಡಿಯುವ ಅಳತೆ. ಮೂರು ಕಳಸೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದರೆ ಒಂದು ಮುಡಿ. ಗದ್ದೆಯ ಗೇಣಿ ಸಂದಾಯವಾಗುತ್ತಿದ್ದುದು ಈ ಲೆಕ್ಕದಲ್ಲಿ. ಗೇಣಿದಾರನ ಮನೆಯ ಅಳತೆಗೂ ಒಡೆಯನ ಮನೆಯ ಅಳತೆಗೂ ತಾಳೆಯಾಗದೆ ಅಂಗಳದಲ್ಲಿ ನಡೆದ ಜಗಳಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅಳೆದು ಕೊಟ್ಟದ್ದಕ್ಕೆ ಸಿಕ್ಕಿದ ಗೇಣಿ ಚೀಟಿ ಆಗ ಬರೀ ಕಾಗದ. 1974ರಲ್ಲಿ ಭೂಸುಧಾರಣಾ ಕಾನೂನಿನ ತಿದ್ದುಪಡಿ ಜಾರಿಗೆ ಬಂದು, ಉಳುವವರು ಭೂಮಿಯ ಹಕ್ಕು ಕೇಳಿ ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ ಅದೇ ಚೀಟಿ ಅವರ ಕೈಯ ಸಾಕ್ಷಿಯಾಯಿತು. ಇಂದು ಸ್ವಂತ ಮನೆ ಕಟ್ಟಿಕೊಂಡು, ಮಕ್ಕಳನ್ನು ಓದಿಸಿದ ಎಷ್ಟೋ ಕುಟುಂಬಗಳ ಬದುಕು ತಿರುಗಿದ್ದು ಅಲ್ಲಿ. ಆ ಕಳಸೆ ಮತ್ತು ಆ ಚೀಟಿ ಅಕ್ಕಪಕ್ಕದಲ್ಲಿ ಇರಬೇಕು, ಅವುಗಳ ಕಥೆ ಬಲ್ಲವರು ಇರುವ ಊರಿನಲ್ಲೇ ಇರಬೇಕು ಎಂಬುದು ನಮ್ಮ ಹಂಬಲ.

ಹಳೆಯ ಮನೆ ಕೆಡವುವಾಗ ಮರಮಟ್ಟಿಗೆ, ಹಂಚಿಗೆ ಗಿರಾಕಿಗಳಿದ್ದಾರೆ. ತಾಮ್ರ, ಹಿತ್ತಾಳೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಕಾಗದಪತ್ರ ಬಚ್ಚಲ ಒಲೆಗೆ. ಯಾರನ್ನೂ ದೂರುತ್ತಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲದವರು ಇನ್ನೇನು ಮಾಡಿಯಾರು? ನಾವೂ ಈಗ ಅದೇ ಸ್ಥಿತಿಯಲ್ಲಿದ್ದೇವೆ. ಇರುವ ಒಂದೇ ಕೋಣೆ ತುಂಬಿದೆ. ಕೊಡಲು ಬಂದವರಿಗೆ "ಸ್ವಲ್ಪ ತಡೆಯಿರಿ" ಎನ್ನಬೇಕಾಗಿದೆ. ತಡೆದ ವಸ್ತು ಮತ್ತೆ ಸಿಗುವುದಿಲ್ಲ.

ಜಾಗದಷ್ಟೇ ಕಾಡುವುದು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಬೆವರುತ್ತವೆ. ಓಲೆಗರಿಗೆ ಬೂಷ್ಟು, ಮರಕ್ಕೆ ಗೆದ್ದಲು, ಉಪ್ಪುಗಾಳಿಗೆ ತಾಮ್ರದ ಮೇಲೆ ಹಸಿರು ಕಿಲುಬು. ಓಲೆಗರಿಗಳನ್ನು ಮೆದುವಾಗಿ ಒರೆಸಿ ಮಜ್ಜಿಗೆಹುಲ್ಲಿನ ಎಣ್ಣೆ ಸವರಿದರೆ ಹುಳ ದೂರವಿರುತ್ತದೆ, ನಿಜ. ಆದರೆ ಸೋರುವ ಮಾಡಿನ ಕೆಳಗೆ ಯಾವ ಎಣ್ಣೆಯೂ ಸಾಲದು.

ಆದ್ದರಿಂದ ಮುರಕಲ್ಲಿನ (ಕೆಂಪುಕಲ್ಲಿನ) ಎರಡು ಕೋಣೆಗಳನ್ನೂ, ತೇವಾಂಶ ಹೀರುವ ಯಂತ್ರವಿರುವ ಒಂದು ಉಗ್ರಾಣವನ್ನೂ ಕಟ್ಟಲು ಹೊರಟಿದ್ದೇವೆ. ಮೊದಲ ಕೋಣೆ ಕೃಷಿ ಮತ್ತು ಗೇಣಿಯದು. ಎರಡನೆಯದು ನೇಯ್ಗೆ, ಮೀನುಗಾರಿಕೆ, ಹಂಚಿನ ಕೆಲಸಗಳದು. 1865ರಲ್ಲಿ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳು ಹುಲ್ಲಿನಿಂದ ಹಂಚಿಗೆ ಬದಲಾದದ್ದನ್ನು ಮಕ್ಕಳು ಮುಟ್ಟಿ ನೋಡಿ ತಿಳಿಯಬೇಕು. ಅಂದಾಜು ವೆಚ್ಚ 18 ಲಕ್ಷ ರೂಪಾಯಿ. ಈವರೆಗೆ ಕೂಡಿಬಂದಿರುವುದು 5 ಲಕ್ಷ.

ಇಂಥ ಕೆಲಸ ನಮ್ಮ ಕರಾವಳಿಗೆ ಹೊಸದಲ್ಲ. 1960ರಲ್ಲಿ ಮಂಗಳೂರಿನ ಬಿಜೈಯಲ್ಲಿ ತೆರೆದ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ಇರುವುದು, ಕರ್ನಲ್ ಮಿರಾಜ್ಕರ್ ಅವರು ತಮ್ಮ ತಾಯಿಯ ನೆನಪಿಗೆ ಬಿಟ್ಟುಕೊಟ್ಟ ಬಂಗಲೆಯಲ್ಲಿ. ನಾವು ಕೇಳುತ್ತಿರುವುದು ಬಂಗಲೆಯನ್ನಲ್ಲ. ನೂರು ರೂಪಾಯಿಯೂ ಬರಲಿ, ಒಂದು ಲೋಡು ಮುರಕಲ್ಲೂ ಬರಲಿ, ಕೆಡವಿದ ಮನೆಯ ಗಟ್ಟಿ ಹಂಚೂ ಬರಲಿ, ರಜೆಯ ದಿನದ ಶ್ರಮದಾನವೂ ಬರಲಿ. ತಂದೆ ತಾಯಿಯ ಹೆಸರಿನಲ್ಲಿ ಒಂದು ಗಾಜಿನ ಕಪಾಟು ಕೊಡಿಸಬಯಸುವವರ ಹೆಸರನ್ನು ಅದರ ಮೇಲೆ ಬರೆಸುತ್ತೇವೆ.

ಹಣ ಕೊಡುವವರು ತಿಳಿದಿರಬೇಕಾದ್ದು ಇಷ್ಟು. ಪ್ರತಿ ದೇಣಿಗೆಗೂ ರಸೀದಿ ಇದೆ, ಆದಾಯ ತೆರಿಗೆ ವಿನಾಯಿತಿಯೂ ಇದೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ವಿನಾಯಿತಿ ಸಿಗದ ಕಾರಣ ಬ್ಯಾಂಕ್ ಮೂಲಕ ಕಳುಹಿಸಿ. ಗಲ್ಫ್‌ನಲ್ಲಿರುವ ಭಾರತೀಯ ಪೌರರು ಧಾರಾಳವಾಗಿ ಕೊಡಬಹುದು. ವಿದೇಶಿ ಪೌರತ್ವ ಪಡೆದವರಿಂದ ಹಣ ಪಡೆಯಲು ನಮಗೆ ಅನುಮತಿಯಿಲ್ಲ, ಅವರು ದಯವಿಟ್ಟು ತಮ್ಮಲ್ಲಿರುವ ಹಳೆಯ ಫೋಟೊಗಳ ಪ್ರತಿಯನ್ನು ಕಳುಹಿಸಲಿ. ಖರ್ಚಿನ ಲೆಕ್ಕ ಪ್ರತಿ ತಿಂಗಳು ಸಂಗ್ರಹಾಲಯದ ಬಾಗಿಲಲ್ಲಿ ಅಂಟಿಸಿರುತ್ತದೆ.

ವಸ್ತುಗಳನ್ನು ನಾವು ಹಣ ಕೊಟ್ಟು ಕೊಳ್ಳುವುದಿಲ್ಲ. ಪೂರ್ತಿ ಕೊಡಲು ಮನಸ್ಸಿಲ್ಲದವರು ನಿಮ್ಮದೇ ಹೆಸರಿನಲ್ಲಿ ಇರಿಸಿ, ಬೇಕೆಂದಾಗ ಹಿಂದಕ್ಕೆ ಪಡೆಯಬಹುದು. ದೈವದ ಮೊಗ, ಕಡ್ಸಲೆ (ದೈವದ ಖಡ್ಗ) ಮುಂತಾದ ಆರಾಧನೆಯ ವಸ್ತುಗಳನ್ನು ನಾವು ಸ್ವೀಕರಿಸುವುದಿಲ್ಲ, ಅವುಗಳ ಸ್ಥಾನ ಗುಡಿಯಲ್ಲೇ. ನೆಲ ಅಗೆಯುವಾಗ ಸಿಕ್ಕಿದ ನಿಧಿಯನ್ನು ಕರ್ನಾಟಕದ 1962ರ ನಿಧಿ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಬೇಕು, ಅದನ್ನು ನಮ್ಮಲ್ಲಿಗೆ ತರಬೇಡಿ. ತೋಡಿನ ಬದಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಷರ ಕಂಡರೆ ಮಾತ್ರ ಕೂಡಲೇ ಹೇಳಿ ಕಳುಹಿಸಿ. ಕಲ್ಲನ್ನು ಕದಲಿಸದೆ ಬಂದು ನೋಡುತ್ತೇವೆ.

ಬೇಸಿಗೆ ರಜೆಯಲ್ಲಿ ಮನೆಯ ಪೂಜೆಗೆಂದು ಮುಂಬಯಿಯಿಂದ, ಬೆಂಗಳೂರಿನಿಂದ ಬರುವವರು ಒಮ್ಮೆ ಅಟ್ಟ ಹತ್ತಿ ನೋಡಿ. ಪೆಟ್ಟಿಗೆಯನ್ನು ಅಜ್ಜಿಯ ಎದುರಿಗೇ ತೆರೆಯಿರಿ, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ದಾಖಲಿಸಿ ವಸ್ತುವಿನ ಜೊತೆಗೆ ಕೊಡಿ. ಮಳೆ ನಿಂತ ಕೂಡಲೇ ಪಾಯ ತೆಗೆದು, ಮುಂದಿನ ಮಳೆಗೆ ಮೊದಲು ಮಾಡು ಹೊದಿಸಬೇಕೆಂದಿದ್ದೇವೆ. ಕಲ್ಲಿಗೆ ಮುಂಗಡ ಕೊಡಬೇಕಾಗಿರುವುದರಿಂದ ನಿಮ್ಮ ದೇಣಿಗೆ ದೀಪಾವಳಿಯೊಳಗೆ ತಲುಪಿದರೆ ಬಹಳ ಅನುಕೂಲ.