ಲಂಗದ ಅಂಚಿನಲ್ಲಿ ಸೀಸದ ಗುಂಡು

ಪ್ರಿಯ ರವಿ,

ಕೌಬಾಯ್ ಸಿನಿಮಾ ನೋಡಿ ಆ ಕಾಲದ ಹೆಂಗಸರು ಹಾಗೇ ಇದ್ದರು ಅಂತ ನಂಬಬೇಡ ಮಾರಾಯ. 1840, 50ರ ದಶಕಗಳಲ್ಲಿ ಅಮೆರಿಕದ ಮಿಸೌರಿಯಿಂದ ಪಶ್ಚಿಮದ ಆರೆಗಾನ್‌ಗೆ ವಲಸೆ ಹೊರಟ ಹೆಂಗಸರಲ್ಲಿ ಹೆಚ್ಚಿನವರು ಸುಮಾರು 3,200 ಕಿಲೋಮೀಟರ್ ದಾರಿಯನ್ನು ಉದ್ದ ಲಂಗದಲ್ಲೇ ಸವೆಸಿದರು. ಕಮಾನು ಗಾಡಿ ತುಂಬ ಸಾಮಾನು, ಜನ ಪಕ್ಕದಲ್ಲಿ ನಡೆಯಬೇಕು. ಬಯಲಿನ ಗಾಳಿಗೆ ಲಂಗ ಹಾರದಿರಲಿ ಅಂತ ಕೆಲವರು ಅಂಚಿನೊಳಗೆ ಸೀಸದ ಗುಂಡು ಸೇರಿಸಿ ಹೊಲಿದುಕೊಳ್ಳುತ್ತಿದ್ದರು. ಹೆಜ್ಜೆಹೆಜ್ಜೆಗೂ ಅದು ಕಾಲಿಗೆ ಬಡಿದರೆ ಹೇಗಿರುತ್ತೆ, ಯೋಚಿಸು!

ನನಗೆ ಜಾಸ್ತಿ ಹಿಡಿಸಿದ್ದು ತಲೆಯ ಬಾನೆಟ್. ನಮ್ಮ ಮಕ್ಕಳ ಕುಲಾವಿ ತರಹವೇ, ಆದರೆ ಮುಖದ ಮುಂದೆ ಚಾಚಿಕೊಂಡಿರುತ್ತೆ. ಬಟ್ಟೆಯಲ್ಲಿ ಸಾಲಾಗಿ ಸಣ್ಣ ಗೂಡು ಹೊಲಿದು ಒಳಗೆ ರಟ್ಟಿನ ಅಥವಾ ತೆಳು ಮರದ ಪಟ್ಟಿ ತೂರಿಸುತ್ತಿದ್ದರು. ಒಗೆಯುವಾಗ ಪಟ್ಟಿ ತೆಗೆದರೆ ಆಯ್ತು. ಹಿಂದೆ ಕತ್ತು ಮುಚ್ಚುವ ನೆರಿಗೆ ಬಟ್ಟೆ. ಬಿಸಿಲು ತಾಗುವುದಿಲ್ಲ ನಿಜ, ಅಕ್ಕಪಕ್ಕವೂ ಕಾಣುವುದಿಲ್ಲ. ಮೈ ಬಿಳಿ ಉಳಿಯಬೇಕು ಎಂಬ ಹಟವೂ ಅದರಲ್ಲಿತ್ತು ಅಂತ ನನ್ನ ಅನಿಸಿಕೆ.

ಇನ್ನು ಏಪ್ರನ್. ಮರವಿಲ್ಲದ ಬಯಲಲ್ಲಿ ಒಲೆಗೆ ಕಾಡೆಮ್ಮೆಯ ಒಣಸಗಣಿಯೇ ಗತಿ. ಅದನ್ನು ಏಪ್ರನ್ನಿನ ಉಡಿ ತುಂಬ ಆಯ್ದು ತರಬೇಕು.

ಎಲ್ಲರೂ ಸುಮ್ನಿರಲಿಲ್ಲ ಅನ್ನು. 1851ರಲ್ಲಿ ಪೂರ್ವದ ನ್ಯೂಯಾರ್ಕ್ ರಾಜ್ಯದಲ್ಲಿ ಗಿಡ್ಡ ಲಂಗದ ಕೆಳಗೆ ಸಡಿಲ ಪ್ಯಾಂಟು ತೊಡುವ ಬ್ಲೂಮರ್ ಉಡುಪು ಸುದ್ದಿಯಾಯಿತು. ಊರಲ್ಲಿ ನಕ್ಕವರೇ ಹೆಚ್ಚು. 1858ರಲ್ಲಿ ಕಾನ್ಸಾಸ್‌ನಿಂದ ಗಾಡಿಗಳ ತಂಡದ ಜೊತೆ ಪಶ್ಚಿಮಕ್ಕೆ ಹೊರಟ ಜೂಲಿಯಾ ಹೋಮ್ಸ್ ಅದನ್ನೇ ತೊಟ್ಟಳು. ಇಪ್ಪತ್ತರ ಹುಡುಗಿ. ಮೊದಮೊದಲು ಮೂರ್ನಾಲ್ಕು ಮೈಲಿಗೇ ಸುಸ್ತು, ಬರಬರುತ್ತ ದಿನಕ್ಕೆ ಹತ್ತು ಮೈಲಿ ಆರಾಮಾಗಿ ನಡೆದಳು. ತಂಡದಲ್ಲಿದ್ದ ಇನ್ನೊಬ್ಬಾಕೆ ಮರ್ಯಾದೆಯ ಉದ್ದ ಲಂಗ ಉಟ್ಟು ಬಿಸಿಲಿಗೆ ಕಾದ ಗಾಡಿಯೊಳಗೇ ಕೂತಿದ್ದಳು. ರಾತ್ರಿ ಕಾವಲಿಗೆ ನಾನೂ ನಿಲ್ಲುತ್ತೇನೆ ಅಂತ ಜೂಲಿಯಾ ಅಂದರೆ ಕಾವಲಿನ ಮುಖ್ಯಸ್ಥ ಒಪ್ಪಲಿಲ್ಲವಂತೆ. ಆಗಸ್ಟ್‌ನಲ್ಲಿ ಅದೇ ಉಡುಪಿನಲ್ಲಿ 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಹತ್ತಿ, ತುದಿಯಲ್ಲಿ ಕೂತು ಕಾಗದ ಬರೆದಳು.

ಆಮೇಲಾದರೂ ಜನಕ್ಕೆ ಬುದ್ಧಿ ಬಂದಿರಬೇಕು ಅಂದುಕೊಂಡೆಯಾ? 1890ರ ದಶಕದಲ್ಲಿ ಮೊಂಟಾನಾದ ಮೈಲ್ಸ್ ಸಿಟಿಗೆ ಎವೆಲಿನ್ ಕ್ಯಾಮರೂನ್ ಪ್ಯಾಂಟಿನಂತೆ ಎರಡು ಕಾಲಿಗೂ ಬೇರೆಬೇರೆಯಾಗಿ ಹೊಲಿದ ಸೀಳು ಲಂಗ ತೊಟ್ಟು, ಗಂಡಸರಂತೆ ಎರಡೂ ಬದಿಗೆ ಕಾಲು ಹಾಕಿ ಕುದುರೆ ಮೇಲೆ ಬಂದಳು. ಹೀಗೇ ಬೀದಿಯಲ್ಲಿ ಸುತ್ತಾಡಿದರೆ ಹಿಡಿದು ಒಳಗೆ ಹಾಕಬಹುದು ಅಂತ ಎಚ್ಚರಿಕೆ ಬಂತು. ಆಕೆ ಲಂಗವನ್ನೂ ಬಿಡಲಿಲ್ಲ, ಸವಾರಿಯನ್ನೂ ಬಿಡಲಿಲ್ಲ. ಒಳ್ಳೆಯ ಫೋಟೋಗ್ರಾಫರ್ ಕೂಡ. ಅವಳು ತೆಗೆದ ಚಿತ್ರಗಳನ್ನು ಹುಡುಕಿ ನೋಡು, ಆಮೇಲೆ ಫೋನ್ ಮಾಡು.

ನಿನ್ನ,
ಸುಧಾ