ನಾಲ್ಕಡಿ ದೂರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನಿನ್ನ ಫೋನ್ ಬಂದಾಗಿನಿಂದ ಆ ಹುಡುಗನದೇ ಯೋಚನೆ. ಫೈನಲ್ ಪಂದ್ಯದ ಕೊನೆಯ ಸರ್ವ್ ನೆಟ್ಟಿಗೆ ಹೊಡೆದವನು ಆವತ್ತಿನಿಂದ ಗ್ರೌಂಡಿನ ಕಡೆ ತಲೆ ಹಾಕಿಲ್ಲ ಅಂದೆಯಲ್ಲ. ಊರವರು "ಅವನನ್ನು ಬಿಟ್ಟು ಬೇರೆಯವನನ್ನು ಹಾಕಿ ಮೇಷ್ಟ್ರೇ" ಅನ್ನುತ್ತಿದ್ದಾರೆ. ನಿನಗೆ ಮನಸ್ಸು ಬರುತ್ತಿಲ್ಲ. ಅವನನ್ನೇ ಹಾಕಿ, ಮತ್ತೆ ಸೋತರೆ ಹುಡುಗ ಇನ್ನೂ ಕುಗ್ಗಿಹೋದಾನು ಅನ್ನುವ ಹೆದರಿಕೆಯೂ ಇದೆ. ಏನು ಮಾಡಲಿ ಹೇಳು ಅಂತ ಕೇಳಿದೆ. ಫೋನಿನಲ್ಲಿ ನನಗೆ ಸರಿಯಾಗಿ ಹೇಳೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ನಿನ್ನ ಹಾಗೆ ಹುಡುಗರ ತಂಡ ಕಟ್ಟುವವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ನಿನ್ನ ಹೆಸರಾಗಲಿ, ಊರಾಗಲಿ ಬರೆದಿಲ್ಲ.

ನನಗೆ ಗಾಲ್ಫ್ ಹುಚ್ಚು ಅಂತ ನಿನಗೆ ಗೊತ್ತು. ಒಬ್ಬನೇ ಆಡುವ ಆಟದಲ್ಲಿ ಕ್ಯಾಪ್ಟನ್‌ಗೆ ಏನು ಕೆಲಸ ಅಂತ ನೀನೇ ಒಮ್ಮೆ ಕೇಳಿದ್ದೆ. ಆವತ್ತು ಉತ್ತರ ಹೊಳೆದಿರಲಿಲ್ಲ. ನಿನ್ನ ಹುಡುಗನ ವಿಷಯ ಕೇಳಿದ ಮೇಲೆ ಹೊಳೆಯಿತು.

ಮೊದಲು ಅನಿರ್ಬನ್ ಲಾಹಿರಿಯ ಕಥೆ ಹೇಳುತ್ತೇನೆ. ಪುಣೆಯಲ್ಲಿ ಹುಟ್ಟಿದವನು, ನಮ್ಮ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದು ಆಟ ಪಳಗಿಸಿಕೊಂಡವನು. 2015ರಲ್ಲಿ ಪ್ರೆಸಿಡೆಂಟ್ಸ್ ಕಪ್‌ನಲ್ಲಿ ಆಡಿದ. ಅದರಲ್ಲಿ ಆಡಿದ ಮೊದಲ ಭಾರತೀಯ ಅವನೇ. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಯುರೋಪ್ ಬಿಟ್ಟು ಉಳಿದ ದೇಶಗಳೆಲ್ಲ ಸೇರಿದ ಇಂಟರ್‌ನ್ಯಾಷನಲ್ ತಂಡ. ಇಷ್ಟು ವರ್ಷಗಳಲ್ಲಿ ಅಮೆರಿಕ ಇದರಲ್ಲಿ ಸೋತಿದ್ದು 1998ರಲ್ಲಿ ಒಂದೇ ಒಂದು ಸಲ. ಲಾಹಿರಿ ಆಡಿದ 2015ರ ಪಂದ್ಯ ಇದ್ದದ್ದು ಕೊರಿಯಾದ ಇಂಚಿಯಾನ್‌ನಲ್ಲಿ. ಕೊನೆಯ ದಿನ ಎರಡೂ ತಂಡ ಸರಿಸಮ ಅನ್ನುವ ಹಾಗೆ ಓಡುತ್ತಿದ್ದವು.

ಲಾಹಿರಿಯ ಎದುರಾಳಿ ಅಮೆರಿಕದ ಕ್ರಿಸ್ ಕರ್ಕ್. 18ನೇ ಹೋಲ್‌ಗೆ, ಅಂದರೆ ಕೊನೆಯ ಕುಳಿಗೆ ಬಂದಾಗ ಇಬ್ಬರೂ ಸಮ. ಲಾಹಿರಿಯ ಚೆಂಡು ಕುಳಿಯಿಂದ ಹೆಚ್ಚುಕಡಿಮೆ ನಾಲ್ಕಡಿ ದೂರದಲ್ಲಿ ಬಂದು ನಿಂತಿತ್ತು. ಕರ್ಕ್‌ನದು ಅದಕ್ಕಿಂತ ಎಷ್ಟೋ ದೂರ. ನೋಡುತ್ತಿದ್ದವರಿಗೆಲ್ಲ ಲಾಹಿರಿ ಗೆದ್ದ ಹಾಗೇ ಕಂಡಿತ್ತು. ಆದರೆ ಕರ್ಕ್ ಹೊಡೆದ ಚೆಂಡು ಅಷ್ಟು ದೂರದಿಂದ ಉರುಳಿ ಬಂದು ಒಳಗೆ ಬಿತ್ತು. ಈಗ ಲಾಹಿರಿ ಆ ನಾಲ್ಕಡಿಯನ್ನು ಹಾಕಿದರೆ ಇಬ್ಬರೂ ಸಮ, ತಂಡಕ್ಕೆ ಅರ್ಧ ಅಂಕ. ಬಗ್ಗಿ ನಿಂತ. ಹೊಡೆದ. ಚೆಂಡು ಬೀಳಲಿಲ್ಲ.

ಕಪ್ ಮುಗಿದಾಗ ಲೆಕ್ಕ ಅಮೆರಿಕ 15.5, ಇಂಟರ್‌ನ್ಯಾಷನಲ್ 14.5. ಆ ಅರ್ಧ ಅಂಕ ಈ ಕಡೆ ಬಂದಿದ್ದರೆ 15–15.

ನಾಲ್ಕಡಿ ಅಂದರೆ ಎಷ್ಟು ಅಂತ ನಾನು ಮನೆಯಲ್ಲಿ ಟೇಪ್ ಹಿಡಿದು ಅಳೆದು ನೋಡಿದ್ದೇನೆ. ನಮ್ಮ ಹಳೇ ಮನೆಯ ಜಗಲಿ ಇದೆಯಲ್ಲ, ನಾವಿಬ್ಬರೂ ಕಾಲು ಇಳಿಬಿಟ್ಟು ಕೂರುತ್ತಿದ್ದದ್ದು, ಅದರ ಅಗಲ ಅಷ್ಟೇ. ಅಲ್ಲಿ ಒಂದು ಲೋಟ ಅಡ್ಡ ಇಟ್ಟು ಮಕ್ಕಳಿಗೆ ಗೋಲಿ ಉರುಳಿಸೋಕೆ ಹೇಳಿದರೆ ಹತ್ತಕ್ಕೆ ಎಂಟು ಸಲ ಒಳಗೆ ಹಾಕುತ್ತಾರೆ. ಹನ್ನೊಂದು ಜನ ಜೊತೆಗಾರರು ಹುಲ್ಲಿನ ಅಂಚಿನಲ್ಲಿ ಉಸಿರು ಬಿಗಿಹಿಡಿದು ನಿಂತಿರುವಾಗ ಅದೇ ಜಗಲಿ ಒಂದು ಹರದಾರಿ ಆಗುತ್ತದೆ. ನಿನ್ನ ಹುಡುಗನಿಗೂ ಆ ನೆಟ್ ಆವತ್ತು ಎಷ್ಟು ಎತ್ತರ ಕಂಡಿತ್ತೋ ಏನೋ.

ಇಲ್ಲಿಂದ ಮುಂದಿನದನ್ನು ಸರಿಯಾಗಿ ಕೇಳು. ಆ ತಂಡದ ಕ್ಯಾಪ್ಟನ್ ಜಿಂಬಾಬ್ವೆಯ ನಿಕ್ ಪ್ರೈಸ್. ಎರಡು ವರ್ಷ ಆದ ಮೇಲೆ, 2017ರಲ್ಲಿ ಮತ್ತೆ ಅವನೇ ಕ್ಯಾಪ್ಟನ್. ಲಾಹಿರಿಗೆ ಆ ಸಲ ಅಂಕಪಟ್ಟಿಯಿಂದ ನೇರ ಜಾಗ ಸಿಕ್ಕಿರಲಿಲ್ಲ. ಕ್ಯಾಪ್ಟನ್ ಕೈಯಲ್ಲಿ ಇದ್ದದ್ದು ಎರಡೇ ಜಾಗ. ಅದರಲ್ಲಿ ಒಂದನ್ನು ಪ್ರೈಸ್ ಲಾಹಿರಿಗೆ ಕೊಟ್ಟ. ನಾಲ್ಕಡಿ ತಪ್ಪಿಸಿದವನಿಗೇ ಕೊಟ್ಟ.

ಆ ವರ್ಷ ನ್ಯೂಯಾರ್ಕ್ ಹತ್ತಿರದ ಲಿಬರ್ಟಿ ನ್ಯಾಷನಲ್ ಕೋರ್ಸಿನಲ್ಲಿ ಅಮೆರಿಕ ಎದುರಾಳಿಗಳನ್ನು ಹೊಸಕಿಹಾಕುತ್ತಿತ್ತು. ಶನಿವಾರ ಸಂಜೆಗೇ ಕಪ್ ಮುಗಿದುಹೋಗುವ ಹಾಗಿತ್ತು. ಹಾಗೆ ಆಗಿದ್ದರೆ ಭಾನುವಾರದ ಆಟ ಬರೀ ಶಾಸ್ತ್ರ. ಅದನ್ನು ತಡೆದಿದ್ದು ಒಂದು ಜೋಡಿ: ಲಾಹಿರಿ ಮತ್ತು ಕೊರಿಯಾದ ಕಿಮ್ ಸಿ ವೂ. ಕೊನೆಯ ಹೋಲ್‌ವರೆಗೂ ಹೋರಾಡಿ ಗೆದ್ದರು. 14.5–3.5ರಲ್ಲಿ ದಿನ ಮುಗಿಯಿತು, ಕಪ್ ಗೆಲ್ಲೋಕೆ ಅಮೆರಿಕಕ್ಕೆ ಇನ್ನೊಂದು ಅಂಕ ಬೇಕೇ ಬೇಕಾಯಿತು. ಮಾರನೇ ದಿನದ ಸಿಂಗಲ್ಸ್‌ನಲ್ಲಿ ಇಂಟರ್‌ನ್ಯಾಷನಲ್ ತಂಡವೇ 7.5 ಅಂಕ ಗಳಿಸಿತು. ಕಪ್ ಸಿಗಲಿಲ್ಲ, 19–11ಕ್ಕೆ ಸೋತರು. ಆದರೂ ಆ ಶನಿವಾರದ ಸಂಜೆ ನನಗೆ ಬಹಳ ದೊಡ್ಡದು.

ಬಾವುಟ ಹಿಡಿದು ಮುಂದೆ ಓಡುವವನೇ ಕ್ಯಾಪ್ಟನ್ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಗಾಲ್ಫ್‌ನ ಕ್ಯಾಪ್ಟನ್ ಸಾಮಾನ್ಯವಾಗಿ ಒಂದು ಚೆಂಡನ್ನೂ ಹೊಡೆಯುವುದಿಲ್ಲ. ರೈಡರ್ ಕಪ್ ತಗೋ. ಯುರೋಪ್ ಮತ್ತು ಅಮೆರಿಕದ ನಡುವೆ ಎರಡು ವರ್ಷಕ್ಕೊಮ್ಮೆ ನಡೆಯುವ ಪಂದ್ಯ, 1927ರಿಂದ ಇದೆ; ಮೊದಲು ಅಮೆರಿಕದ ಎದುರಿಗೆ ಬ್ರಿಟನ್ ಆಡುತ್ತಿತ್ತು, 1979ರಿಂದ ಯುರೋಪ್. ತಂಡಕ್ಕೆ 12 ಜನ, ಒಟ್ಟು 28 ಅಂಕ. ಮೊದಲ ಎರಡು ದಿನ ಜೋಡಿ ಆಟ. ಒಂದು ಬಗೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಇನ್ನೊಂದರಲ್ಲಿ ಇಬ್ಬರದೂ ಬೇರೆ ಬೇರೆ ಚೆಂಡು, ಯಾರ ಸ್ಕೋರ್ ಚೆನ್ನಾಗಿದೆಯೋ ಅದು ಲೆಕ್ಕಕ್ಕೆ. ಒಂದು ಸಲಕ್ಕೆ ಎಂಟು ಜನ ಮಾತ್ರ ಆಡುತ್ತಾರೆ, ನಾಲ್ವರು ಹೊರಗೆ. ಕೊನೆಯ ದಿನ ಹನ್ನೆರಡೂ ಜನ ಒಬ್ಬೊಬ್ಬರೇ. ಯಾರನ್ನು ಯಾರ ಜೊತೆ ಹಾಕಬೇಕು, ಯಾರನ್ನು ಕೂರಿಸಬೇಕು, ಕೂತವನ ಹತ್ತಿರ ಹೋಗಿ ಏನು ಹೇಳಬೇಕು, ಇಷ್ಟೇ ಕ್ಯಾಪ್ಟನ್ ಕೆಲಸ. ಇಷ್ಟರಲ್ಲೇ ಎಲ್ಲ ಇದೆ.

ಕೂರಿಸುವುದರಲ್ಲಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1999ರಲ್ಲಿ ಅಮೆರಿಕದ ಬ್ರೂಕ್‌ಲೈನ್‌ನಲ್ಲಿ ನಡೆದ ರೈಡರ್ ಕಪ್ ನೋಡು. ಯುರೋಪ್ ಕ್ಯಾಪ್ಟನ್ ಮಾರ್ಕ್ ಜೇಮ್ಸ್ ಮೂರು ಜನ ಹೊಸಬರನ್ನು ಎರಡು ದಿನವೂ ಆಡಿಸಲೇ ಇಲ್ಲ. ಉಳಿದವರು ಚೆನ್ನಾಗಿ ಆಡಿ 10–6ರಲ್ಲಿ ಮುಂದೆ ಇದ್ದರು, ಆದ್ದರಿಂದ ಶನಿವಾರ ರಾತ್ರಿ ಆ ಲೆಕ್ಕ ಸರಿಯಾಗಿಯೇ ಕಂಡಿತ್ತು. ಭಾನುವಾರ ಆ ಮೂವರು ನೇರವಾಗಿ ಸಿಂಗಲ್ಸ್‌ಗೆ ಇಳಿದರು. ಆಂಡ್ರ್ಯೂ ಕೋಲ್ಟಾರ್ಟ್ ಎದುರಿಗೆ ಟೈಗರ್ ವುಡ್ಸ್! ಮೂವರೂ ಸೋತರು. ಅಮೆರಿಕ ಒಂದೇ ದಿನದಲ್ಲಿ ಪಂದ್ಯ ತಿರುಗಿಸಿ 14.5–13.5ಕ್ಕೆ ಗೆದ್ದಿತು. ಆ ಮೂವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ದಿನ ಬೆಂಚಿನ ಮೇಲೆ ಕೂತು "ನನ್ನ ಮೇಲೆ ಇವರಿಗೆ ನಂಬಿಕೆ ಇಲ್ಲ" ಅಂತ ಒಳಗೊಳಗೇ ಅನ್ನಿಸಿದವನು ಮೂರನೇ ದಿನ ಎಲ್ಲಿಂದ ಧೈರ್ಯ ತರಬೇಕು ಹೇಳು?

ಟೋನಿ ಜಾಕ್ಲಿನ್ ಇದಕ್ಕೆ ತದ್ವಿರುದ್ಧ. ನನ್ನ ಮಟ್ಟಿಗೆ ಎಲ್ಲರಿಗಿಂತ ದೊಡ್ಡ ಕ್ಯಾಪ್ಟನ್ ಅವನೇ. 1983ರಲ್ಲಿ ಅವನಿಗೆ ಯುರೋಪ್ ತಂಡ ಸಿಕ್ಕಾಗ ಸೋಲು ಆ ಕಡೆಯವರಿಗೆ ಅಭ್ಯಾಸ ಆಗಿಹೋಗಿತ್ತು. ಅವರ ಎಲ್ಲರಿಗಿಂತ ಒಳ್ಳೆಯ ಆಟಗಾರ, ಸ್ಪೇನಿನ ಸೆವೆ ಬ್ಯಾಲೆಸ್ಟೆರೋಸ್, ಮುನಿಸಿಕೊಂಡು ದೂರ ಉಳಿದಿದ್ದ. 1981ರಲ್ಲಿ ಹಣದ ವಿಷಯಕ್ಕೆ ಜಗಳವಾಗಿ ಅವನನ್ನು ತಂಡದಿಂದ ಹೊರಗಿಟ್ಟಿದ್ದರು. ಜಾಕ್ಲಿನ್ ಅವನಿಗೆ ಚೀಟಿ ಕಳಿಸಲಿಲ್ಲ, ಬೇರೆಯವರ ಕೈಲಿ ಹೇಳಿಸಲಿಲ್ಲ. ತಾನೇ ಹೋಗಿ ಬೆಳಗಿನ ತಿಂಡಿ ಹೊತ್ತಿನಲ್ಲಿ ಎದುರಿಗೆ ಕೂತು ಮಾತಾಡಿದ. ಸೆವೆ ಬಂದ.

ಬಂದವನನ್ನು ಯಾರ ಜೊತೆ ಹಾಕಿದ ಗೊತ್ತಾ? ಇಪ್ಪತ್ತು ವರ್ಷದ ಹುಡುಗ ಪಾಲ್ ವೇ ಜೊತೆ. ಸೆವೆಗೆ ಇರಿಸುಮುರಿಸು. ಈ ಹುಡುಗನಿಗೆ ನಾನು ಅಪ್ಪ ಆಗಬೇಕಾಗಿದೆ ಅಂತ ಗೊಣಗಿದ. ಅವನ ಪಾಲಿಗೆ ನೀನು ಅಪ್ಪನೇ, ಅದಕ್ಕೇ ಜೊತೆಗೆ ಹಾಕಿದ್ದು ಅನ್ನುವ ಅರ್ಥದಲ್ಲಿ ಜಾಕ್ಲಿನ್ ಹೇಳಿದನಂತೆ. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಮುನಿಸಿಕೊಂಡವನ ಕೈಗೆ ಇನ್ನೊಬ್ಬನ ಹೊಣೆ ಕೊಟ್ಟರೆ ಅವನಿಗೆ ತನ್ನ ನೋವು ಸ್ವಲ್ಪ ಮರೆಯುತ್ತದೆ.

ಆ ವರ್ಷವೂ ಯುರೋಪ್ ಸೋತಿತು, ಒಂದೇ ಅಂಕದಿಂದ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ಸೆವೆ ಒಳಗೆ ಬಂದು, ಇದು ಸೋಲಲ್ಲ, ಅಮೆರಿಕದ ನೆಲದಲ್ಲಿ ಇಷ್ಟು ಹತ್ತಿರ ಬಂದಿದ್ದೇ ಗೆಲುವು, ಸಂಭ್ರಮ ಪಡೋಣ ಅಂದನಂತೆ. ಎರಡು ವರ್ಷದ ನಂತರ ಇಂಗ್ಲೆಂಡಿನ ಬೆಲ್‌ಫ್ರಿಯಲ್ಲಿ 16.5–11.5ಕ್ಕೆ ಗೆದ್ದರು. ಅಮೆರಿಕ ಆ ಹಿಂದೆ ಸೋತಿದ್ದು 1957ರಲ್ಲಿ!

ಯುರೋಪ್ ತಂಡದಲ್ಲಿ ಆಡಿದ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ವಿಷಯವನ್ನೂ ಆ ಹುಡುಗನಿಗೆ ಹೇಳು. 1991ರಲ್ಲಿ ಅಮೆರಿಕದ ಕಿಯಾವಾ ದ್ವೀಪದಲ್ಲಿ ಇಡೀ ಕಪ್ ಅವನ ಒಂದು ಪಟ್ ಮೇಲೆ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಒಂದು ಹೊಡೆತದ ಮೇಲೆ ಬಂದು ನಿಂತಿತ್ತು. ಆರಡಿ. ತಪ್ಪಿತು. ಒಂದು ಅಂಕದಿಂದ ಯುರೋಪ್ ಸೋತಿತು. ಮುಂದಿನ ವಾರವೇ ಅವನು ಜರ್ಮನಿಯಲ್ಲಿ ಒಂದು ಟೂರ್ನಿ ಗೆದ್ದ. 2004ರಲ್ಲಿ ಅವನೇ ಕ್ಯಾಪ್ಟನ್ ಆಗಿ ಅಮೆರಿಕವನ್ನು 18.5–9.5ಕ್ಕೆ ಸೋಲಿಸಿದ. ಆ ಸಲ ಅಮೆರಿಕದ ಕ್ಯಾಪ್ಟನ್ ಹಾಲ್ ಸಟನ್ ತನ್ನ ಇಬ್ಬರು ದೊಡ್ಡ ಹೆಸರಿನವರನ್ನು, ಟೈಗರ್ ವುಡ್ಸ್ ಮತ್ತು ಫಿಲ್ ಮಿಕಲ್ಸನ್‌ರನ್ನು, ಒಂದೇ ಜೋಡಿ ಮಾಡಿದ್ದ. ಇಬ್ಬರಿಗೂ ಹೊಂದಾಣಿಕೆಯೇ ಇರಲಿಲ್ಲ. ಮೊದಲ ದಿನ ಎರಡೂ ಪಂದ್ಯ ಸೋತರು. ದೊಡ್ಡ ಎತ್ತುಗಳನ್ನು ತಂದು ಕಟ್ಟಿದ ಮಾತ್ರಕ್ಕೆ ಜೋಡಿ ಆಗುವುದಿಲ್ಲ, ನಿನ್ನಪ್ಪನೇ ಹೇಳುತ್ತಿದ್ದರಲ್ಲ.

2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಕೋರ್ಸಿನಲ್ಲಿ ನಡೆದ ರೈಡರ್ ಕಪ್ ಅನ್ನು ನಾನು ನಿದ್ದೆಗೆಟ್ಟು ನೋಡಿದೆ. ನಮಗದು ರಾತ್ರಿ ಹೊತ್ತು. ಅಲ್ಲಿನ ಜನ ಯುರೋಪಿನವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು, ರೋರಿ ಮ್ಯಾಕ್‌ಇಲ್ರಾಯ್‌ಗಂತೂ ಕೇಳಲಾಗದ ಮಾತು. ಇದು ಹೀಗೇ ಆಗುತ್ತದೆ ಅಂತ ಯುರೋಪ್ ಕ್ಯಾಪ್ಟನ್ ಲ್ಯೂಕ್ ಡೊನಾಲ್ಡ್‌ಗೆ ಮೊದಲೇ ಗೊತ್ತಿತ್ತು, ತಂಡವನ್ನು ಅದಕ್ಕೆ ತಯಾರು ಮಾಡಿದ್ದ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ಬೇರೆ. ಹೋಟೆಲ್ ರೂಮಿನ ಬಾಗಿಲ ಸಂದಿಯಿಂದ ಬೆಳಕು ಬರುತ್ತಿತ್ತಂತೆ. ಹುಡುಗರ ನಿದ್ದೆ ಕೆಡುತ್ತದೆ ಅಂತ ಆ ಸಂದಿ ಮುಚ್ಚಿಸಿದ. ಹಾಸಿಗೆಯ ಬಟ್ಟೆ ಬದಲಾಯಿಸಿದ, ಶ್ಯಾಂಪೂ ಸಹ ಬೇರೆ ಇಡಿಸಿದ. ಮಗಳ ಬಾಣಂತನಕ್ಕೆ ಬಂದ ತಾಯಿ ಮಾಡುವ ಕೆಲಸ ಇದು. ಹಿಂದಿನ ಸಲ ರೋಮ್‌ನಲ್ಲಿ ಗೆದ್ದವರಲ್ಲಿ ಹನ್ನೊಂದು ಜನ ಈ ಸಲವೂ ಇದ್ದರು. ಹನ್ನೆರಡನೆಯವನ ಜಾಗಕ್ಕೆ ಬಂದಿದ್ದು ಅವನ ಅವಳಿ ಸಹೋದರ! ಶನಿವಾರಕ್ಕೇ ಯುರೋಪ್ 11.5–4.5ರಲ್ಲಿ ಮುಂದೆ. ಭಾನುವಾರ ಅಮೆರಿಕ ಮೈಕೊಡವಿ ಎದ್ದು ಬಂತು, ನನಗೆ ಎದೆ ಡವಡವ. ಕೊನೆಗೆ 15–13ಕ್ಕೆ ಯುರೋಪ್ ಗೆದ್ದಿತು.

ಸೋತ ಕ್ಯಾಪ್ಟನ್ ಕೀಗನ್ ಬ್ರಾಡ್ಲಿ ಬಗ್ಗೆಯೂ ನನಗೆ ಗೌರವ ಇದೆ. ಇನ್ನೂ ಚೆನ್ನಾಗಿ ಆಡುತ್ತಿರುವವನು, ತನ್ನ ಹೆಸರನ್ನೇ ತಂಡಕ್ಕೆ ಬರೆದುಕೊಳ್ಳಬಹುದಿತ್ತು. ಬರೆದುಕೊಳ್ಳಲಿಲ್ಲ. ಸೋತ ಮೇಲೆ ಕೋರ್ಸ್ ಸಿದ್ಧ ಮಾಡಿಸಿದ್ದರಲ್ಲಿ ತಪ್ಪು ತನ್ನದೇ ಅಂತ ಒಪ್ಪಿಕೊಂಡ, ಆಟಗಾರರ ಮೇಲೆ ಹಾಕಲಿಲ್ಲ.

ಇಷ್ಟೆಲ್ಲ ಬರೆಯುವಾಗ ನಮ್ಮ ಒಂಬತ್ತನೇ ಕ್ಲಾಸು ನೆನಪಾಗುತ್ತಿದೆ ಕಣೋ. ಆ ಪಂದ್ಯದಲ್ಲಿ ನಾನು ಸುಲಭದ ಕ್ಯಾಚ್ ಬಿಟ್ಟಿದ್ದು, ಮುಂದಿನ ವಾರ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರೇ ಇಲ್ಲದಿದ್ದದ್ದು. ಯಾರೂ ಒಂದು ಮಾತು ಹೇಳಲಿಲ್ಲ. ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಆವತ್ತು ಸಂಜೆ ನೀನು ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದೆ. ಕ್ಯಾಚಿನ ಸುದ್ದಿ ಎತ್ತಲೇ ಇಲ್ಲ. ಅಮ್ಮ ಕೊಟ್ಟ ಹಲಸಿನ ಹಪ್ಪಳ ತಿಂದು, "ನಾಳೆ ಬೆಳಗ್ಗೆ ಬೇಗ ಬಾ, ನನಗೆ ಬೌಲಿಂಗ್ ಮಾಡೋಕೆ ಯಾರೂ ಇಲ್ಲ" ಅಂದೆ. ಅಷ್ಟೇ ಅಂದಿದ್ದು ನೀನು. ನಾನು ಮಾರನೇ ದಿನ ಆರು ಗಂಟೆಗೆ ಗ್ರೌಂಡಿನಲ್ಲಿದ್ದೆ.

ಈಗ ನೀನು ಆ ಹುಡುಗನ ಮನೆಗೆ ಹೋಗು. ಯಾರನ್ನೂ ಕಳಿಸಬೇಡ, ನೀನೇ ಹೋಗು. ಸರ್ವ್ ವಿಷಯ ಎತ್ತಬೇಡ. ಏಳನೇ ಕ್ಲಾಸಿನಲ್ಲಿ ಒಬ್ಬ ಎಡಗೈ ಹುಡುಗ ಚೆನ್ನಾಗಿ ಆಡುತ್ತಾನೆ, ಸರ್ವ್ ಮಾತ್ರ ಬರಲ್ಲ ಅಂದಿದ್ದೆಯಲ್ಲ. ಅವನಿಗೆ ಕಲಿಸುವ ಕೆಲಸ ಇವನಿಗೆ ಕೊಡು. ಪಂದ್ಯದ ದಿನ ಮೊದಲ ಸರ್ವ್ ಇವನ ಕೈಗೇ ಕೊಡು. ಅದೂ ನೆಟ್ಟಿಗೆ ಹೋದರೆ ಎರಡನೇ ಸೆಟ್‌ನಲ್ಲೂ ಕೊಡು. ಊರವರು ಕೇಳಿದರೆ ನಿರ್ಧಾರ ನನ್ನದು ಅಂತ ಹೇಳು, ಸಾಕು.

ಪಂದ್ಯದ ತಾರೀಕು ಗೊತ್ತಾದ ತಕ್ಷಣ ಮೆಸೇಜ್ ಹಾಕು. ಹಿಂದಿನ ರಾತ್ರಿ ಬಸ್ ಹತ್ತಿ ಬರುತ್ತೇನೆ. ನಿಮ್ಮ ನೆಟ್ ಹಳೆಯದಾಗಿದೆ, ಮಧ್ಯದಲ್ಲಿ ಜೋತುಬಿದ್ದಿದೆ ಅಂದಿದ್ದೆ, ಹೊಸದೊಂದು ಇಲ್ಲಿಂದಲೇ ತರುತ್ತೇನೆ. ಅಳತೆ ಕಳಿಸು.

ನಿನ್ನ,
ಗೆಳೆಯ